ಮಧ್ಯಾಹ್ನ ಎಂದರೆ ಎಷ್ಟು ಹೊತ್ತಿಗೆ?



ನಾವು ದಿನವೂ ಯೋಚಿಸದೆ ಆಡುವ ಮಾತುಗಳಲ್ಲಿ 'ಮಧ್ಯಾಹ್ನ' ಒಂದು. 'ಮಧ್ಯ' ಮತ್ತು 'ಅಹನ್' ಎಂಬ ಸಂಸ್ಕೃತ ಪದಗಳು ಕೂಡಿ ಆದ ಶಬ್ದವಿದು. ಅಹನ್ ಎಂದರೆ ಹಗಲು. ಮಧ್ಯಾಹ್ನವೆಂದರೆ ಹಗಲಿನ ನಡು. ಕಲಬುರಗಿಯ ನಮ್ಮ ರೋಜಾದ ಮನೆಗಳಲ್ಲಿ ಕೇಳಿಬರುವ ಉರ್ದುವಿನ 'ದೋಪಹರ್' ಎಂದರೆ ಎರಡು ಪ್ರಹರ. ಹಗಲಿಗೆ ನಾಲ್ಕು ಪ್ರಹರ. ಎರಡು ಕಳೆದರೆ ಅರ್ಧ ಹಗಲು ಮುಗಿಯಿತು. ಎರಡು ಭಾಷೆಗಳೂ ಒಂದೇ ಗಳಿಗೆಯತ್ತ ಬೆರಳು ತೋರಿಸುತ್ತವೆ. ಆದರೆ ನಮ್ಮ ಬಳಕೆಯಲ್ಲಿ ಹನ್ನೆರಡೂ ಮಧ್ಯಾಹ್ನವೇ, ಮೂರೂವರೆಯೂ ಮಧ್ಯಾಹ್ನವೇ!

ಇಸ್ಲಾಮಿನಲ್ಲಿ ಈ ಹೊತ್ತಿಗೆ ಇಂಥ ಸಡಿಲತೆಯಿಲ್ಲ. ಸೂರ್ಯನು ನೆತ್ತಿಯ ಮೇಲಿರುವಾಗ ನಮಾಝ್ ಮಾಡಬಾರದೆಂದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಅವನು ಪಶ್ಚಿಮಕ್ಕೆ ವಾಲಿದೊಡನೆ ಝುಹರ್‌ನ ವೇಳೆ ಆರಂಭವಾಗುತ್ತದೆ. ಈ ವಾಲುವಿಕೆಯೇ 'ಝವಾಲ್'. ಪವಿತ್ರ ಕುರ್‌ಆನಿನ ಅಲ್ ಇಸ್ರಾ ಅಧ್ಯಾಯದ 78ನೇ ವಚನವು ಸೂರ್ಯನು ವಾಲಿದಂದಿನಿಂದಲೇ ನಮಾಝನ್ನು ಸಂಸ್ಥಾಪಿಸಲು ಆದೇಶಿಸುತ್ತದೆ.

ಗಡಿಯಾರದ ಹನ್ನೆರಡೇ ಝವಾಲ್ ಎಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಕಲಬುರಗಿ ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 76.8 ಡಿಗ್ರಿಯಲ್ಲಿದೆ. ಆದುದರಿಂದ ಇಲ್ಲಿ ಸೂರ್ಯನು ನೆತ್ತಿಗೆ ಬರುವುದು ನವೆಂಬರ್ ಆರಂಭದಲ್ಲಿ ಸುಮಾರು 12.06ಕ್ಕೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12.37ಕ್ಕೆ. ಮಸೀದಿಯ ಗೋಡೆಯ ವೇಳಾಪಟ್ಟಿ ದಿನದಿನಕ್ಕೆ ಬದಲಾಗುವುದು ಇದಕ್ಕಾಗಿಯೇ.

ನಮಾಝಿನ ವಿಷಯದಲ್ಲಿ ಒಂದೊಂದು ನಿಮಿಷವನ್ನೂ ಎಣಿಸುವ ನಾವು, ಮನುಷ್ಯರಿಗೆ ಕೊಟ್ಟ ಮಾತಿನಲ್ಲಿ ಎಷ್ಟು ಎಣಿಸುತ್ತೇವೆ?

ನನ್ನದೇ ತಪ್ಪನ್ನು ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಗೋಡೆ ರಿಪೇರಿಗೆ ವಯಸ್ಸಾದ ಗೌಂಡಿಯೊಬ್ಬರು ಬಂದಿದ್ದರು. ಸಂಜೆ ಕೈಯಲ್ಲಿ ದುಡ್ಡು ಸಾಲಲಿಲ್ಲ. "ಕಾಕಾ, ನಾಳಿ ಮಧ್ಯಾಹ್ನ ಬರ್ರಿ, ಬಾಕಿ ಕೂಲಿ ಕೊಡ್ತೀನಿ" ಎಂದೆ. ಮರುದಿನ ಝುಹರ್ ನಮಾಝನ್ನು ಜಮಾಅತ್‌ನೊಂದಿಗೆ ನಿರ್ವಹಿಸಿ, ಊಟ ಮಾಡಿ, ಪಾಠ ಮುಗಿಸಿ ಮೂರೂವರೆಗೆ ಮನೆಗೆ ಬಂದರೆ ಅವರು ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ಮನೆಗೆ ಬೀಗ, ಮೆಟ್ಟಿಲಿಗೆ ನೆರಳಿಲ್ಲ. "ಮಧ್ಯಾನ ಬಾ ಅಂದಿದ್ರಲ್ರೀ ಸರ, ಹನ್ನೆರಡಕ್ಕೇ ಬಂದೀನ್ರಿ" ಎಂದರು. ಆ ಮಾತಿನಲ್ಲಿ ದೂರೂ ಇರಲಿಲ್ಲ. ಅಂದಿನ ಕೆಲಸ ಬಿಟ್ಟು ಬಂದಿದ್ದರೆಂದು ಆಮೇಲೆ ತಿಳಿಯಿತು.

ಕಲಬುರಗಿಯ ಬಿಸಿಲು ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಾಪ ಹೆಚ್ಚಾದಾಗ ಝುಹರ್ ನಮಾಝನ್ನು ತಂಪಾಗುವವರೆಗೆ ತಡಮಾಡಲು ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಬುಖಾರಿಯಲ್ಲಿದೆ. ಅಲ್ಲಾಹನ ಹಕ್ಕಾದ ನಮಾಝಿನಲ್ಲೇ ದಾಸರ ದೇಹಕ್ಕೆ ಇಷ್ಟು ಕನಿಕರವಿದೆ. ನಾನಾದರೋ ದಾಸನ ಹಕ್ಕನ್ನು ಕಿಸೆಯಲ್ಲಿಟ್ಟುಕೊಂಡು ಅವನನ್ನೇ ಬಿಸಿಲಲ್ಲಿ ಕೂರಿಸಿದ್ದೆ! ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ನಾನೇ ಎಷ್ಟೋ ಸಲ ಮಕ್ಕಳಿಗೆ ಕಲಿಸಿದ್ದೇನೆ. ಅವರ ಬೆವರು ಒಮ್ಮೆ ಆರಿ, ನನ್ನ ಬಾಗಿಲಲ್ಲಿ ಮತ್ತೊಮ್ಮೆ ಹರಿದಿತ್ತು.

ಅಂದು ಕ್ಷಮೆ ಕೇಳಿ, ಕೂಲಿಯ ಜತೆ ಅವರು ಕಳೆದುಕೊಂಡ ದಿನದ ಸಂಬಳವನ್ನೂ ಕೊಟ್ಟೆ. ಆದರೆ ಆ ಮೂರೂವರೆ ತಾಸನ್ನು ಹಿಂದಿರುಗಿಸಲು ನನ್ನಿಂದಾಗಲಿಲ್ಲ.

ಸಹೋದರರೇ, ಸಹೋದರಿಯರೇ, ಝುಹರ್‌ನ ವೇಳೆಯನ್ನು ಹೇಳುವ ಅದೇ ಅಲ್ ಇಸ್ರಾ ಅಧ್ಯಾಯದ 34ನೇ ವಚನವು ಕರಾರನ್ನು ಈಡೇರಿಸಲು ಹೇಳಿ, ಕರಾರಿನ ಬಗ್ಗೆ ವಿಚಾರಣೆಯಿದೆಯೆಂದು ಎಚ್ಚರಿಸುತ್ತದೆ. "ಮಧ್ಯಾಹ್ನ ಬಾ" ಎಂಬುದೂ ಒಂದು ಕರಾರೇ. ಹೇಳುವವನಿಗೆ ಅದು ಅರ್ಧ ದಿನದ ಸಡಿಲ ಮಾತು. ಕಾಯುವವನಿಗೆ ಅದು ನೆತ್ತಿಯ ಮೇಲಿನ ಸೂರ್ಯ. ಇನ್ನು ಮುಂದೆ "ಎರಡು ಗಂಟೆಗೆ" ಎಂದು ಸ್ಪಷ್ಟವಾಗಿ ಹೇಳೋಣ, ಎರಡಕ್ಕೆ ಅಲ್ಲಿರೋಣ. ಸಾಧ್ಯವಾದರೆ ಕೂಲಿಯನ್ನು ನಾವೇ ಅವರ ಮನೆಗೆ ಮುಟ್ಟಿಸೋಣ.

ನಮಾಝಿನ ವೇಳೆಯನ್ನು ಕಾಯುವಂತೆ ಮಾತಿನ ವೇಳೆಯನ್ನೂ ಕಾಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.