ಖಾಲಿ ಉಳಿದ ಎರಡು ಜಾಗ

*ಇಂದಿನ ಧಮ್ಮ ಚಿಂತನೆ*



ಭಾನುವಾರದ ವಂದನೆಯಲ್ಲಿ ಎರಡನೆಯ ಶೀಲ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಶೀಲ ಅದು. ಪ್ರತಿ ಸಲವೂ 2021ರ ಮೇ ತಿಂಗಳು ನೆನಪಾಗುತ್ತದೆ. ಅಂದು ನಾನು ಕದ್ದೆನೇ?

ಆಗ ನನಗೆ 41 ವರ್ಷ. 18ರಿಂದ 44ರವರಿಗೆ ಮೇ 1ರಿಂದ ಲಸಿಕೆ ಎಂದು ಕೇಂದ್ರ ಸರ್ಕಾರ ಹೇಳಿತ್ತು. ನಮ್ಮ ರಾಜ್ಯದಲ್ಲಿ ಅದು ಸರಿಯಾಗಿ ಶುರುವಾದದ್ದು ಮೇ 10ಕ್ಕೆ. ಈ ವಯಸ್ಸಿನವರು ಕೋವಿನ್‌ನಲ್ಲಿ ಮೊದಲೇ ಸ್ಲಾಟ್ ಕಾಯ್ದಿರಿಸಬೇಕಿತ್ತು. ಆ ಪುಟದಲ್ಲಿ ಆಗ ಕನ್ನಡ ಇರಲಿಲ್ಲ, ಬಂದದ್ದು ಜೂನ್‌ನಲ್ಲಿ.

ಹಾಸನದಲ್ಲಿ ಸ್ಲಾಟ್ ತೆರೆದ ನಿಮಿಷದಲ್ಲೇ ಮುಗಿಯುತ್ತಿತ್ತು. ಹೊಳೆನರಸೀಪುರದ ಪಿನ್‌ಕೋಡ್ ಹಾಕಿದೆ, ಚನ್ನರಾಯಪಟ್ಟಣದ್ದು ಹಾಕಿದೆ. ಕೊನೆಗೆ ಅರಕಲಗೂಡು ಕಡೆಯ ಒಂದು ಕೇಂದ್ರದಲ್ಲಿ ನನಗೂ ಹೆಂಡತಿಗೂ ಸಿಕ್ಕಿತು. ಲಾಕ್‌ಡೌನ್, ಬಸ್ಸಿಲ್ಲ. ಬೈಕಿನಲ್ಲಿ ಹೋದೆವು. ದಾರಿಯಲ್ಲಿ ಪೊಲೀಸರಿಗೆ ಮೊಬೈಲ್ ಸಂದೇಶ ತೋರಿಸಿದೆ, ಬಿಟ್ಟರು.

ಕೇಂದ್ರದ ಗೇಟಿನ ಹೊರಗೆ ಊರಿನ ಹುಡುಗರು ನಿಂತಿದ್ದರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಆಲೂಗಡ್ಡೆ ಬಿತ್ತನೆಯ ಕೂಲಿ ಬಿಟ್ಟು ಬಂದಿದ್ದ. ಕೈಯಲ್ಲಿ ಕೀಪ್ಯಾಡ್ ಫೋನು. "ಸರ್, ನಮ್ಮೂರಲ್ಲಿ ನಿಮಗೆ ಹೆಂಗೆ ಸಿಕ್ತು?" ಎಂದ. ಅದರಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. "ಆನ್‌ಲೈನ್‌ನಲ್ಲಪ್ಪ" ಎಂದು ಒಳಗೆ ಹೋದೆ.

ಮೇ 14ರಿಂದ ರಾಜ್ಯದಲ್ಲಿ ಈ ವಯಸ್ಸಿನವರ ಲಸಿಕೆಯೇ ನಿಂತಿತು. ಇದ್ದ ಲಸಿಕೆ 45 ದಾಟಿದವರ ಎರಡನೇ ಡೋಸಿಗೆ ಬೇಕಿತ್ತು. ಅದೇ ಹೊತ್ತಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಖಾಸಗಿ ಆಸ್ಪತ್ರೆಗಳು ದುಡ್ಡಿಗೆ ಲಸಿಕೆ ಹಾಕುತ್ತಿದ್ದವು. ಈ ವಯಸ್ಸಿನವರು ದುಡ್ಡು ಕೊಡಬೇಕಾದ ನೀತಿ ಮೇಲ್ನೋಟಕ್ಕೇ ವಿವೇಚನೆಯಿಲ್ಲದ್ದು ಎಂದು ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಹೇಳಿತು. ಜೂನ್ 21ರಿಂದ ಎಲ್ಲ ವಯಸ್ಕರಿಗೂ ಕೇಂದ್ರದಿಂದಲೇ ಉಚಿತವಾಯಿತು. ನನ್ನ ವಿದ್ಯಾರ್ಥಿಗೆ ಲಸಿಕೆ ಸಿಕ್ಕಿದ್ದು ಜುಲೈನಲ್ಲಿ. ಅವನಿಗೆ ಏನೂ ಆಗಲಿಲ್ಲ. ಆದರೆ ಆ ಎರಡು ತಿಂಗಳು ಅವನು ಕೂಲಿಗೆ ಹೋಗುತ್ತಲೇ ಇದ್ದ, ಜೊತೆಗೆ ವಯಸ್ಸಾದ ತಾಯಿ ಇದ್ದರು.

ಕಾನೂನಿನ ಪ್ರಕಾರ ನಾನು ಕದ್ದಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಬಂಧುಗಳೇ, ತೆರೆದ ಬಾಗಿಲು ಎಂಬ ಮಾತನ್ನು ನಾವು ಅಷ್ಟು ಸುಲಭವಾಗಿ ಒಪ್ಪಬಹುದೇ? 1923ರಲ್ಲಿ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ನಮ್ಮವರಿಗೂ ಮುಕ್ತ ಎಂದು ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಚವದಾರ್ ಕೆರೆಯನ್ನು ತೆರೆದಿತ್ತು. ಆದರೂ ಆ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಬೇಕಾಯಿತು. ಕಾಗದದ ಹಕ್ಕಿಗೂ ಬೊಗಸೆಯ ನೀರಿಗೂ ಇರುವ ದೂರ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಹಾಡ್‌ನಲ್ಲಿ ತಡೆದದ್ದು ಜಾತಿ. ಅರಕಲಗೂಡಿನ ಗೇಟಿನಲ್ಲಿ ಆ ಹುಡುಗನನ್ನು ಯಾರೂ ಜಾತಿ ಕೇಳಲಿಲ್ಲ, ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ನನ್ನನ್ನು ಚುಚ್ಚುವುದು ಬೇರೆ. ಬಾಬಾಸಾಹೇಬರು ಮೊದಲು ಬೊಗಸೆಯೊಡ್ಡಿದ್ದು ಹಿಂದಿದ್ದವರೂ ಕುಡಿಯಲೆಂದು. ನಾನು ಕುಡಿದು ಮನೆಗೆ ಬಂದೆ.

ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ಆಗ 4 ಜನರನ್ನು ನೋಂದಾಯಿಸಬಹುದಿತ್ತು. ನನ್ನ ನಂಬರಿನಲ್ಲಿ ಇದ್ದವರು ಇಬ್ಬರೇ. ಉಳಿದ ಎರಡು ಜಾಗ ಕೊನೆಯವರೆಗೂ ಖಾಲಿಯಿದ್ದವು. ಹೆಸರು ಹಾಕಿದ್ದರೆ ಅವನಿಗೆ ಸ್ಲಾಟ್ ಸಿಗುತ್ತಿತ್ತೆಂಬ ಖಾತ್ರಿ ಇರಲಿಲ್ಲ. ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ, ತಪ್ಪು ಅಲ್ಲಿದೆ.

ಶೀಲ ಮುರಿಯದೆಯೂ ಮೈತ್ರಿ ತಪ್ಪಬಹುದು. ಕದಿಯದಿರುವುದು ಧಮ್ಮದ ಮೊದಲ ಮೆಟ್ಟಿಲು ಮಾತ್ರ. ಓದು ನಮಗೆ ಕೊಟ್ಟ ಬೆರಳ ವೇಗವನ್ನು ಯಾರಿಗಾಗಿ ಬಳಸಿದೆವು ಎಂಬುದು ಮುಂದಿನ ಮೆಟ್ಟಿಲು.

ಈಗ ವಿದ್ಯಾರ್ಥಿವೇತನದ ಅರ್ಜಿಯೂ ಆನ್‌ಲೈನ್‌ನಲ್ಲೇ. ಅರ್ಜಿ ಕರೆದಾಗ ನಾನು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರುತ್ತೇನೆ, ಕೇಳಿದವರಿಗೆ ತುಂಬಿ ಕೊಡುತ್ತೇನೆ. ದೊಡ್ಡ ಕೆಲಸವೇನಲ್ಲ, ಹಳೆಯ ಸಾಲ.

ಇಂದು ಯೋಚಿಸೋಣ: ನಮ್ಮ ಕೈಯಲ್ಲಿ ಖಾಲಿ ಉಳಿದಿರುವ ಜಾಗ ಯಾವುದು? ಅಲ್ಲಿ ಯಾರ ಹೆಸರು ಇರಬೇಕಿತ್ತು?

ಜೈಭೀಮ್, ನಮೋ ಬುದ್ಧಾಯ 🙏