ಬಟ್ಟೆಗೆ ಊರು ಕೊಡುವುದು ಹೊಲಿಗೆ

ತಾಂಜಾನಿಯಾಕ್ಕೆ ಕೆಲಸಕ್ಕೆಂದು ಹೊರಡುವ ನಮ್ಮವರ ಪೆಟ್ಟಿಗೆ ತುಂಬ ಬಟ್ಟೆಯೇ. ಸಾರಿನ ಪುಡಿಗೆ ಜಾಗ ಸಾಲದಿದ್ದರೂ ಚೂಡಿದಾರ ಕಡಿಮೆ ಬೀಳಬಾರದು. ಹೋಗಿ ಕೆಲವು ವಾರ ಕಳೆಯುವಷ್ಟರಲ್ಲಿ ದಾರ್ ಎಸ್ ಸಲಾಮ್‌ನ ಕಡಲ ಸೆಕೆ ಆ ಪಾಲಿಯೆಸ್ಟರನ್ನೆಲ್ಲ ಬೀರುವಿನೊಳಕ್ಕೆ ತಳ್ಳುತ್ತದೆ. ಆಗ ಯಾರೋ ಪುಣ್ಯಾತ್ಮರು ಉಹುರು ಸ್ಟ್ರೀಟಿನ ದಾರಿ ತೋರಿಸುತ್ತಾರೆ. ಅಲ್ಲಿನ ಬಟ್ಟೆ ಅಂಗಡಿಗಳಲ್ಲಿ ಅಪ್ಪಟ ಹತ್ತಿಯ ಕಾಂಗಾ, ಕಿಟೆಂಗೆಗಳು ಮೇಲಿಂದ ಕೆಳಗಿನವರೆಗೆ ತೂಗುತ್ತಿರುತ್ತವೆ. ಹೊಲಿಗೆ ಬಲ್ಲವರ ಕೈ ಸುಮ್ಮನಿರುವುದಿಲ್ಲ.

ಆಸೆಪಟ್ಟು ತಂದದ್ದಕ್ಕೆ ಕತ್ತರಿ ಹಾಕುವ ಮುನ್ನ ಒಂದು ವಿಷಯ ತಿಳಿದಿರಬೇಕು. ಕಿಟೆಂಗೆ ಬೇರೆ, ಕಾಂಗಾ ಬೇರೆ. ಕಿಟೆಂಗೆ ತುಸು ದಪ್ಪ, ಗಜದ ಲೆಕ್ಕದಲ್ಲಿ ಸಿಗುತ್ತದೆ, ಲಂಗ, ಅಂಗಿ, ಚೀಲ ಏನು ಬೇಕಾದರೂ ಆಗುತ್ತದೆ. ಅದಕ್ಕೆ ಬೇಕಾದದ್ದು ತಾಳ್ಮೆ ಮಾತ್ರ. ಮೊದಲು ಒಗೆದು ಗಂಜಿ ಕಳೆಯಬೇಕು. ಅಂಗೈಗಿಂತ ದೊಡ್ಡ ಹೂವು, ಹಕ್ಕಿ, ಫ್ಯಾನುಗಳ ಚಿತ್ತಾರ ಬೆನ್ನಿನ ನಡುವೆ ಸರಿಯಾಗಿ ಕೂರಬೇಕಾದರೆ ಅಳತೆಗಿಂತ ಹೆಚ್ಚು ಬಟ್ಟೆ ಹಿಡಿಯಬೇಕು.

ಕಾಂಗಾ ಹಾಗಲ್ಲ. ಸುಮಾರು ಒಂದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲದ ಅದಕ್ಕೆ ನಾಲ್ಕೂ ಕಡೆ ಅಂಚು, ನಡುವೆ ಬೇರೆಯೇ ಒಡಲು, ಒಡಲಿನ ಕೆಳಭಾಗದಲ್ಲಿ ಸ್ವಾಹಿಲಿಯ ಒಂದು ಸಾಲು ಮಾತು. ಜೋಡಿಯಾಗಿಯೇ ಮಾರುತ್ತಾರೆ. ಮನೆಗೆ ತಂದು ಎರಡು ಮಾಡಿ ಅಂಚು ಮಡಚಿ ಹೊಲಿಸಿ, ಒಂದನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ಹೆಗಲಿಗೋ ತಲೆಗೋ ಹೊದ್ದುಕೊಳ್ಳುವುದು ವಾಡಿಕೆ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ಅದರಲ್ಲೇ. ಇದನ್ನು ಥಾನಿನ ಬಟ್ಟೆಯಂತೆ ನಡುವೆ ಕತ್ತರಿಸಿ ಬ್ಲೌಸು ಹೊಲಿದರೆ ಅಂಚು ಕಂಕುಳಿಗೆ ಹೋಗಿ ಕೂರುತ್ತದೆ, ಮಾತು ಅರ್ಧಕ್ಕೆ ತುಂಡಾಗುತ್ತದೆ. ಅಲ್ಲಿನ ಪಳಗಿದ ದರ್ಜಿ ಮೊದಲು ಬಟ್ಟೆಯನ್ನು ಪೂರ್ತಿ ಹಾಸಿ ಅಂಚನ್ನು ಲಂಗದ ಕೆಳತುದಿಗೆ ಬಿಡುತ್ತಾನೆ, ಮಾತು ಓದಲು ಬರುವ ಕಡೆ ಇಡುತ್ತಾನೆ, ಆಮೇಲೆ ಕತ್ತರಿ ಎತ್ತುತ್ತಾನೆ.

ಆ ಒಂದು ಸಾಲಿನ ಮಾತಿಗೆ ಅಲ್ಲಿ ಬಲು ತೂಕ. ತಾಯಿಯ ಋಣ, ದೇವರ ದಯೆ, ಅವಸರದಲ್ಲಿ ಬರಕತ್ತಿಲ್ಲ ಎಂಬ ಬುದ್ಧಿಮಾತು, ನೆರೆಯವಳ ಹೊಟ್ಟೆಕಿಚ್ಚಿಗೆ ಒಂದು ಚಿವುಟು, ಎಲ್ಲವೂ ಅಲ್ಲಿ ಅಚ್ಚಾಗುತ್ತವೆ. ಬಾಯಲ್ಲಿ ಆಡಲಾಗದ್ದನ್ನು ಉಟ್ಟು ತೋರಿಸುವ ಹೆಂಗಸರಿದ್ದಾರೆ. ಹಾಗಾಗಿ ಬಣ್ಣ ಚೆನ್ನಾಗಿದೆ ಎಂದು ಕೊಂಡು ಅತ್ತೆಯವರಿಗೆ ಉಡುಗೊರೆ ಕೊಡುವ ಮುನ್ನ ಅಂಗಡಿಯವರನ್ನು ಕೇಳಿ ಅರ್ಥ ತಿಳಿದುಕೊಳ್ಳುವುದು ಸಂಸಾರಕ್ಕೆ ಕ್ಷೇಮ.

ಇಷ್ಟೆಲ್ಲ ಅಲ್ಲಿನದೇ ಆಗಿರುವ ಈ ಬಟ್ಟೆ ಅಲ್ಲಿ ಹುಟ್ಟಿದ್ದೇ? ಹತ್ತೊಂಬತ್ತನೇ ಶತಮಾನದಲ್ಲಿ ಪೂರ್ವ ಆಫ್ರಿಕಾ ಕರಾವಳಿಯ ಹೆಂಗಸರು ಪೋರ್ಚುಗೀಸರು ತರುತ್ತಿದ್ದ ಬಣ್ಣದ ಕರವಸ್ತ್ರಗಳನ್ನು ಬಿಡಿಬಿಡಿಯಾಗಿ ಅಲ್ಲ, ಕತ್ತರಿಸದ ಸಾಲಾಗಿ ಕೊಂಡರಂತೆ. ಆರರ ಸಾಲನ್ನು ಮೂರು ಮೂರು ಮಾಡಿ, ಒಂದರ ಮಗ್ಗುಲಿಗೆ ಇನ್ನೊಂದನ್ನು ಹೊಲಿದು, ಉಡುವಷ್ಟು ಅಗಲ ಮಾಡಿಕೊಂಡರು. ಇದನ್ನು ಕಂಡ ವ್ಯಾಪಾರಿಗಳು ಅಷ್ಟಗಲದ ಬಟ್ಟೆಯನ್ನೇ ಒಂದಾಗಿ ಅಚ್ಚು ಹಾಕಿಸಿ ಮಾರತೊಡಗಿದರು. ಅದಕ್ಕೆ ಮಾತು ಸೇರಿಸುವ ರೂಢಿಯನ್ನು ಬೆಳೆಸಿದ ಕೀರ್ತಿಯನ್ನು ಮೊಂಬಾಸಾದ ವ್ಯಾಪಾರಿ ಕಾದರ್‌ದೀನಾ ಹಾಜಿ ಈಸಾಕ್ ಅವರಿಗೆ ಕೊಡುತ್ತಾರೆ. ಅವರದು ಭಾರತದಿಂದ ಹೋದ ಮನೆತನ. ಇವತ್ತಿಗೂ ಗುಜರಾತಿನ ಜೇತಪುರದಲ್ಲಿ ಅಚ್ಚಾದ ಕಾಂಗಾಗಳು ಹಡಗೇರುತ್ತವೆ. ಕಿಟೆಂಗೆಯ ಕತೆಯೂ ಇಂಥದ್ದೇ. ಜಾವಾದ ಬಾಟಿಕ್ಕನ್ನು ಯಂತ್ರದಲ್ಲಿ ಅನುಕರಿಸಹೊರಟ ಡಚ್ಚರ ಮೇಣದಚ್ಚಿನ ಬಟ್ಟೆಗೆ ಆಫ್ರಿಕಾದಲ್ಲಿ ಒಳ್ಳೆಯ ಗಿರಾಕಿ ಸಿಕ್ಕಿತು. ಇಂಥ ಬಟ್ಟೆಗೆ ಹೆಸರಾದ, ನೆದರ್‌ಲ್ಯಾಂಡ್ಸಿನ ಹೆಲ್ಮೊಂಡ್ ಊರಿನ ವ್ಲಿಸ್ಕೊ ಕಂಪನಿ 1846ರದ್ದು. ಅದರ ಮಾದರಿಗಳನ್ನು ನೋಡಿಕೊಂಡು ಇಂದು ಚೀನಾದಲ್ಲೂ ಭಾರತದಲ್ಲೂ ಅಚ್ಚು ಹಾಕುತ್ತಾರೆ.

ಹಾಗಾದರೆ ಇವು ಪರದೇಶಿ ಬಟ್ಟೆ ಎನ್ನಬಹುದೇ? ಜಾಂಜಿಬಾರಿನ ಹೆಂಗಸರನ್ನು ನೆನೆದರೆ ಆ ಮಾತು ಬರುವುದಿಲ್ಲ. ಅವರಲ್ಲಿ ಗುಲಾಮರಾಗಿದ್ದವರಿಗೆ ದಕ್ಕುತ್ತಿದ್ದದ್ದು ಮೆರಿಕಾನಿ ಎಂಬ ಒರಟು ಬಿಳಿ ಬಟ್ಟೆ, ಇಲ್ಲವೆ ಅದನ್ನೇ ನೀಲಿಯಲ್ಲಿ ಅದ್ದಿದ ಕಾನಿಕಿ. 1897ರಲ್ಲಿ ಅಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ರದ್ದಾಯಿತು. ಬಿಡುಗಡೆಯಾದವರು ಬಣ್ಣದ ಕಾಂಗಾ ಉಟ್ಟು ಬೀದಿಗೆ ಬಂದರು. ತಾನು ಯಾರ ಸೊತ್ತೂ ಅಲ್ಲ ಎನ್ನುವುದನ್ನು ಆ ಬಟ್ಟೆ ಊರಿಗೆಲ್ಲ ಸಾರಿತು. ಅಚ್ಚು ಯಾವ ದೇಶದ್ದಾದರೇನು, ಕತ್ತರಿಸಿ ಕೂಡಿಸಿದ ಕೈ ಅಲ್ಲಿನದು, ಉಟ್ಟ ಮೈ ಅಲ್ಲಿನದು. ಬಟ್ಟೆಗೆ ಊರು ಸಿಗುವುದು ಹೀಗೆ.

ಈ ಕೆಲಸವನ್ನು ಇಂದಿಗೂ ನಡೆಸುತ್ತಿರುವವರು ಅಂಗಡಿ ಜಗಲಿಗಳಲ್ಲಿ ಕಾಲಿನಿಂದ ತುಳಿಯುವ ಮಷೀನು ಇಟ್ಟುಕೊಂಡು ಕೂತ ದರ್ಜಿಗಳು. ಅಲ್ಲಿ ಅವರನ್ನು ಫುಂಡಿ ಎನ್ನುತ್ತಾರೆ. ಅವರಿಗೆ ಎದುರಾಳಿ ಮಿತುಂಬಾ, ಅಂದರೆ ಪಶ್ಚಿಮ ದೇಶಗಳವರು ಉಟ್ಟು ಬಿಟ್ಟ ಬಟ್ಟೆಗಳು. ಮೂಟೆ ಮೂಟೆಯಾಗಿ ಬಂದು ಅಗ್ಗಕ್ಕೆ ಮಾರಾಟವಾಗುವ ಅಂಗಿಯ ಮುಂದೆ ಹೊಸದಾಗಿ ಹೊಲಿಸುವ ಅಂಗಿ ದುಬಾರಿಯೇ. 2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ದೇಶಗಳು ಹಳೆಬಟ್ಟೆಯ ಆಮದನ್ನು ಹಂತ ಹಂತವಾಗಿ ನಿಲ್ಲಿಸಲು ತೀರ್ಮಾನಿಸಿದವು. ಇದನ್ನು ವಿರೋಧಿಸಿದ ಅಮೆರಿಕ ಆ ದೇಶಗಳಿಗೆ ಕೊಟ್ಟಿದ್ದ ಸುಂಕ ರಿಯಾಯಿತಿಯನ್ನು ಮರುಪರಿಶೀಲಿಸಹೊರಟಿತು. ತಾಂಜಾನಿಯಾ ಹಿಂದೆ ಸರಿಯಿತು. ಪಟ್ಟು ಬಿಡದ ರುವಾಂಡದ ಸಿದ್ಧ ಉಡುಪುಗಳಿಗೆ ಇದ್ದ ರಿಯಾಯಿತಿಯನ್ನು 2018ರಲ್ಲಿ ಅಮೆರಿಕ ತಡೆಹಿಡಿಯಿತು. ಹೀಗಿರುವಾಗ ಕಿಟೆಂಗೆ ಹಿಡಿದು ಬರುವ ಗಿರಾಕಿಯೇ ಫುಂಡಿಯ ಅನ್ನ. ಅವನೊಂದಿಗೆ ಕೂಲಿಗಾಗಿ ಗಂಟೆಗಟ್ಟಲೆ ಚೌಕಾಸಿ ಮಾಡಿ ಗೆದ್ದೆವೆಂದು ಬೀಗುವ ನಮ್ಮವರನ್ನು ಕಂಡರೆ ನಾಚಿಕೆಯಾಗುತ್ತದೆ.

ಹೊಲಿಸಿ ಮುಗಿದ ಮೇಲೆ ಚೂರುಗಳ ರಾಶಿ ಉಳಿಯುತ್ತದೆ. ಫುಂಡಿಯನ್ನು ಕೇಳಿದರೆ ಚೀಲ ತುಂಬಿ ಕೊಟ್ಟಾನು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಚೂರು ಕಂಡರೆ ಹೊಳೆಯುವುದು ಕೌದಿ. ಆಫ್ರಿಕಾದಲ್ಲಿ ಕೂತು ಕೌದಿ ಹೊಲಿಯುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳನ್ನು ಮರೆಯಬಾರದು. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಬಹಳ ಮಂದಿಯನ್ನು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಪೀಳಿಗೆ ಇದು. ಇಲ್ಲಿನ ಹಳೆ ಸೀರೆ, ಹಳೆ ಅಂಗಿಗಳ ತುಂಡುಗಳನ್ನೇ ತೆಗೆದುಕೊಂಡು ಅವರು ಕೌದಿಗೆ ತಮ್ಮದೇ ಚಹರೆ ಕೊಟ್ಟರು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಕ್ಕೆ ಸಾಗುವ ಸಾದಾ ಹೊಲಿಗೆ, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ಹೂವು. ಮೂಲೆಯ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ನಾವು ಹೋಗುವುದು ವೀಸಾ, ಸಂಬಳ, ಹಿಂತಿರುಗುವ ಟಿಕೆಟಿನೊಂದಿಗೆ. ಸಿದ್ದಿಗಳ ಹಿರಿಯರಿಗೆ ಅದಾವುದೂ ಇರಲಿಲ್ಲ. ಏನೂ ಇಲ್ಲದೆ ಬಂದವರು ನಮ್ಮ ನೆಲದ ಬಟ್ಟೆಯನ್ನು ಇಷ್ಟು ಮರ್ಯಾದೆಯಿಂದ ಹೊಲಿದರೆಂದ ಮೇಲೆ, ಎಲ್ಲ ಇದ್ದು ಹೋಗುವ ನಮಗೆ ಅವರ ಹಿರಿಯರ ಖಂಡದ ಬಟ್ಟೆಯನ್ನು ತಿಳಿದು ಹೊಲಿಯುವುದು ಕಷ್ಟವಾಗಬಾರದು.

ಆ ಕಡೆ ಹೊರಟವರಲ್ಲಿ ಎರಡು ಮಾತು. ಪೆಟ್ಟಿಗೆಯಿಂದ ಅರ್ಧದಷ್ಟು ಬಟ್ಟೆ ಇಳಿಸಿ. ಹೋದ ಮೇಲೆ ಅಲ್ಲಿನದನ್ನು ಕೊಂಡು ಅಲ್ಲಿನವರ ಕೈಯಲ್ಲೇ ಹೊಲಿಸಿ, ಕೂಲಿಯನ್ನು ಪೂರ್ತಿ ಕೊಡಿ. ಇಲ್ಲೇ ಇರುವವರು ಯಲ್ಲಾಪುರದ ದಾರಿಯಲ್ಲಿ ಹೋದಾಗ ಸಿದ್ದಿ ಹೆಣ್ಣುಮಕ್ಕಳಿಂದ ಒಂದು ಕೌದಿ ಕೊಳ್ಳಿ. ದಿನಗಟ್ಟಲೆ ಕೂತು ಕೈಯಲ್ಲೇ ಹೊಲಿದದ್ದು ಅದು, ಹೇಳಿದ ಬೆಲೆ ನ್ಯಾಯವಾದದ್ದೇ.