ಅಂಗಭೇದವೂ ಆತ್ಮಗೌರವವೂ

ದೇಹ ಗಂಡಾದರೂ ತನ್ನ ಭಾವ ಹೆಣ್ಣೆಂದು ಹರೆಯದ ಮಗುವೊಂದು ಅರಿತಾಗ, ಅದು ಮೊದಲು ಅಳುಕುವುದು ಹೆತ್ತವರ ಮುಖವನ್ನು ಕಂಡು. ಆ ನಾಚಿಕೆ ಮಗುವಿನಲ್ಲಿ ಹುಟ್ಟಿದುದಲ್ಲ. ನೋಡುವವರ ಕಣ್ಣಿನಿಂದ ಬಂದು ಅದರಲ್ಲಿ ನೆಲಸಿದುದು.

ಆತ್ಮಕ್ಕೆ ಸ್ತ್ರೀಪುರುಷಭೇದವಿಲ್ಲವೆಂಬುದನ್ನು ಜೇಡರ ದಾಸಿಮಯ್ಯನವರು ಎಂದೋ ಸಾರಿದರು. ಪುರುಷರಾದ ಶರಣರೂ ಲಿಂಗವನ್ನು ಪತಿಯೆಂದು, ತಮ್ಮನ್ನು ಸತಿಯೆಂದು ಭಾವಿಸಿದರು. ಆ ಭಕ್ತಿಭಾವವೂ ಈ ಪ್ರಕೃತಿಯೂ ಒಂದೇ ಅಲ್ಲ, ನಿಜ. ಆದರೂ ಪುರುಷನ ಸತೀಭಾವವನ್ನು ಪೂಜ್ಯವೆಂದು ಬಗೆದವರಿಗೆ, ಹೆಣ್ತನವುಳ್ಳ ಹುಡುಗನನ್ನು ಹಳಿಯುವ ಅಧಿಕಾರವೆಲ್ಲಿಯದು?

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಹರೆಯದಲ್ಲಿಯೇ ಮನೆಯ ಆಸರೆಯನ್ನು ಕಳೆದುಕೊಂಡು, ಭಿಕ್ಷೆ ಬೇಡಿ ಬದುಕಿದರು. ಜೋಗತಿ ನೃತ್ಯವೇ ಅವರನ್ನು ಕೈಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಲೋಕವು ಆಗ ಕೈಮುಗಿಯಿತು. ಪ್ರಶಸ್ತಿ ಬಂದ ಮೇಲೆ ಮನ್ನಿಸುವುದು ದಯೆಯಲ್ಲ. ಪ್ರಶಸ್ತಿ ಬಾರದ ಮಗುವನ್ನು ಅಪ್ಪಿಕೊಳ್ಳುವುದೇ ದಯೆ. ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಮನ್ನಿಸಿತು. ಆದರೆ ಮನೆಯ ಬಾಗಿಲನ್ನು ತೆರೆಯಬೇಕಾದುದು ಕಾನೂನಲ್ಲ, ಕರುಳು.

ತನ್ನನ್ನು ತಾನರಿಯುವುದು ಶರಣಮಾರ್ಗದ ಮೊದಲ ಮೆಟ್ಟಿಲು. ಆ ಮೆಟ್ಟಿಲಲ್ಲಿ ನಿಂತ ಮಗುವನ್ನು ಹೊರನೂಕುವವನು, ಆ ಮಾರ್ಗದಿಂದ ತಾನೇ ಹೊರಬೀಳುವನು.